ಮೂರು ಸಲ ಫಸ್ಟ್ ಡಾನ್

ನನ್ನ ಫೈಲಿನಲ್ಲಿ ಬ್ಲ್ಯಾಕ್ ಬೆಲ್ಟಿನ ಸರ್ಟಿಫಿಕೇಟ್ ಮೂರಿವೆ. 2009ರದ್ದು ಒಂದು, 2014ರದ್ದು ಒಂದು, 2023ರದ್ದು ಒಂದು. ಮೂರೂ ಫಸ್ಟ್ ಡಾನೇ, ಅಂದರೆ ಬ್ಲ್ಯಾಕ್ ಬೆಲ್ಟಿನ ಮೊದಲ ಮೆಟ್ಟಿಲು. ಸಂಸ್ಥೆ ಮೂರು, ಸೀಲು ಮೂರು, ನನ್ನ ಹೆಸರಿನ ಇಂಗ್ಲಿಷ್ ಸ್ಪೆಲಿಂಗೂ ಮೂರು ಥರ. ಈ ಹದಿನಾಲ್ಕು ವರ್ಷದಲ್ಲಿ ಮೇಲೇರಿದ್ದು ಪರೀಕ್ಷೆ ಫೀಸು ಒಂದೇ.

ಕರಾಟೆ ಗೊತ್ತಿಲ್ಲದವರಿಗೆ ಇದನ್ನು ಹೇಳಿದರೆ, "ಎರಡು ಸಲ ಫೇಲಾದ್ರಾ?" ಅಂತಾರೆ. ಗೊತ್ತಿರುವವರು ಕೇಳುವುದು ಬೇರೆ. "ನಿಮ್ಮ ಅಸೋಸಿಯೇಷನ್ ಎಷ್ಟು ಸಲ ಒಡೀತು?"

ನಾನು ಕಲಿತಿದ್ದು ಮೈಸೂರಿನಲ್ಲಿ, ಶೋಟೊಕಾನ್ ಅನ್ನುವ ಶೈಲಿಯ ಕರಾಟೆ. ಶಾಲೆ ಬಿಟ್ಟ ಮೇಲೆ ಅದೇ ಶಾಲೆಯ ಪ್ರಾರ್ಥನೆ ಹಾಲಿನಲ್ಲಿ ಕ್ಲಾಸು. ವಾರಕ್ಕೆ ಮೂರು ದಿನ. ಕಲಿಸುತ್ತಿದ್ದವರನ್ನು ಎಲ್ಲರೂ ಮಾಸ್ಟರ್ ಅನ್ನುತ್ತಿದ್ದೆವು. ಹೊರಗಿನಿಂದ ದೊಡ್ಡವರು ಬಂದ ದಿನ ಮಾತ್ರ ಸೆನ್ಸೈ. ಹಗಲು ಅವರು ಕಾರ್ಖಾನೆಯಲ್ಲಿ ಫಿಟ್ಟರ್. ಶಿಫ್ಟು ಮುಗಿಸಿ ಸೈಕಲ್ಲಿನಲ್ಲಿ ಬಂದು, ಕೈಗೆ ಅಂಟಿದ ಗ್ರೀಸನ್ನು ಸೋಪಿನಲ್ಲಿ ಉಜ್ಜಿ ತೊಳೆದು, ಆಮೇಲೆ ಬಿಳಿ ಡ್ರೆಸ್ ಹಾಕಿಕೊಳ್ಳುತ್ತಿದ್ದರು. 2001ರಲ್ಲಿ ನಾನು ಸೇರಿದಾಗ ನನಗೆ ಒಂಬತ್ತು ವರ್ಷ. ವೈಟ್, ಯೆಲ್ಲೋ, ಆರೆಂಜ್, ಗ್ರೀನ್, ಬ್ಲೂ, ಪರ್ಪಲ್, ಆಮೇಲೆ ಬ್ರೌನಿನಲ್ಲೇ ಮೂರು ಮೆಟ್ಟಿಲು. ಬ್ಲ್ಯಾಕ್ ತಲುಪುವಷ್ಟರಲ್ಲಿ ಪಿಯುಸಿ ಬಂದಿತ್ತು.

2009ರ ಆ ಪರೀಕ್ಷೆ ನಾಲ್ಕು ಗಂಟೆ ನಡೆಯಿತು. ಬೇರೆ ರಾಜ್ಯದಿಂದ ನಮ್ಮ ಸಂಸ್ಥೆಯ 'ಇಂಡಿಯಾ ಚೀಫ್' ಬಂದಿದ್ದರು. ಮೊದಲು ಕಿಹೊನ್, ಅಂದರೆ ಹೊಡೆತ, ತಡೆತ, ಒದೆತಗಳನ್ನು ಸಾಲಾಗಿ ಮಾಡಿ ತೋರಿಸುವುದು. ಆಮೇಲೆ ಕಟಾ, ಅಂದರೆ ಗೊತ್ತುಮಾಡಿದ ವರಸೆಗಳನ್ನು ಒಬ್ಬರೇ ಕ್ರಮವಾಗಿ ಮಾಡುವುದು. ಕೊನೆಗೆ ಎದುರಾಳಿಯ ಜೊತೆ ಕುಮಿಟೆ. ರೆಡ್ ಆಕ್ಸೈಡ್ ನೆಲದ ಮೇಲೆ ಕಾಲು ಎಳೆದೆಳೆದು ನನ್ನ ಬಲಗಾಲಿನ ಹೆಬ್ಬೆರಳ ಉಗುರು ಅರ್ಧ ಎದ್ದಿತ್ತು. ಅದು ಗೊತ್ತಾಗಿದ್ದು ಮನೆಗೆ ಬಂದು ಸಾಕ್ಸ್ ಬಿಚ್ಚಿದಾಗ. ಫೀಸು ಏಳೂವರೆ ಸಾವಿರ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಿದ್ದರು.

ತಾತ ಜಗಲಿಯ ಮೇಲೆ ಕೂತಿದ್ದರು. ವಯಸ್ಸಿನಲ್ಲಿ ಗರಡಿ ಮನೆಗೆ ಹೋಗಿ ಸಾಮು ಮಾಡಿದ ಮನುಷ್ಯ.

"ಏನ್ ಮಗ, ಗೆದ್ದಾ?" ಅಂದರು.

"ಗೆಲ್ಲೋದಲ್ಲ ತಾತ, ಪರೀಕ್ಷೆ. ಪಾಸಾದೆ."

"ಯಾರ್ನ ಬೀಳ್ಸಿದೆ?"

"ಯಾರನ್ನೂ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಏಳೂವರೆ ಸಾವ್ರ ಯಾರಿಗ್ ಕೊಟ್ಟೆ?" ಅಂದರು.

ತಾತನ ಲೋಕದಲ್ಲಿ ಬೆಲ್ಟೂ ಇಲ್ಲ, ಡಾನೂ ಇಲ್ಲ. ಕೆಮ್ಮಣ್ಣು, ಉಸ್ತಾದ್, ಅಷ್ಟೇ. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು ನೋಡಿ, ತೂಕ ನೋಡಿ, ಸರಿಜೋಡಿ ಅನ್ನಿಸಿದರೆ ಕೈ ಕೂಡಿಸುವುದು. ಆಮೇಲಿನದ್ದು ಅಖಾಡದಲ್ಲಿ ಎಲ್ಲರ ಕಣ್ಣೆದುರಿಗೇ ತೀರ್ಮಾನ. ದಸರಾ ಕೇಸರಿ, ದಸರಾ ಕಂಠೀರವ ಅಂತ ಬಿರುದುಗಳಿವೆ, ಆದರೆ ಅವನ್ನು ಆ ವರ್ಷ ಗೆದ್ದೇ ತಗೋಬೇಕು. ಹಾಗಂತ ಗರಡಿಯಲ್ಲಿ ರಾಜಕೀಯ ಇರಲಿಲ್ಲ ಅಂತ ಹೇಳೋಕಾಗಲ್ಲ. ಯಾರಿಗೆ ಯಾರನ್ನು ಜೋಡಿ ಹಾಕಿದರು, ಯಾಕೆ ಹಾಕಿದರು ಅನ್ನುವ ಜಗಳದ ಕಥೆಗಳನ್ನು ತಾತನೇ ಬೇಕಾದಷ್ಟು ಹೇಳುತ್ತಿದ್ದರು. ಒಂದು ಕಥೆಯಲ್ಲಂತೂ ಎರಡು ಗರಡಿಯವರು ಹತ್ತು ವರ್ಷ ಮದುವೆಮನೆಯಲ್ಲಿ ಸಿಕ್ಕರೂ ಮಾತಾಡಿಲ್ಲ. ಆದರೆ ಜಗಳ ಆದ ಮಾತ್ರಕ್ಕೆ ಹಿಂದಿನ ವರ್ಷ ಗೆದ್ದಿದ್ದು ಗೆಲುವೇ ಅಲ್ಲ ಅಂತ ಯಾರೂ ಅನ್ನುತ್ತಿರಲಿಲ್ಲ.

ನಮ್ಮಲ್ಲಿ ಜಗಳವಾದರೆ ಹಿಂದಿನದ್ದೂ ಲೆಕ್ಕಕ್ಕಿಲ್ಲ.

ಹಣದ ದಾರಿ ಹೇಗಿತ್ತು ಅಂದರೆ, ಚಿಕ್ಕ ಬೆಲ್ಟಿನ ಪರೀಕ್ಷೆ ಫೀಸಿನಲ್ಲಿ ಒಂದು ಪಾಲು ಮಾಸ್ಟರಿಗೆ, ಒಂದು ಪಾಲು ರಾಜ್ಯದ ಘಟಕಕ್ಕೆ, ಉಳಿದದ್ದು ಚೀಫ್‌ಗೆ. ಡಾನ್ ಫೀಸು ಪೂರ್ತಿ ಮೇಲಕ್ಕೆ. ಇದು ಮೋಸ ಅಂತ ನಾನು ಹೇಳಲ್ಲ. ತಿಂಗಳಿಗೆ ನೂರೈವತ್ತು ರೂಪಾಯಿ ಕೊಟ್ಟು ಕಲಿಯುವ ಮಕ್ಕಳಿಂದ ಒಂದು ಕ್ಲಾಸು ನಡೆಯಲ್ಲ. ಪರೀಕ್ಷೆ ಇದ್ದರೆ ಬಾಡಿಗೆ ಹುಟ್ಟುತ್ತೆ. ತೊಂದರೆ ಶುರುವಾಗಿದ್ದು ಮೇಲಿನವರು ಲೆಕ್ಕ ಕೊಟ್ಟಾಗ. ವರ್ಷಕ್ಕೆ ಇಷ್ಟು ಬ್ಲ್ಯಾಕ್ ಬೆಲ್ಟ್ ತರಬೇಕು. ಟೂರ್ನಮೆಂಟಿಗೆ ಇಷ್ಟು ಎಂಟ್ರಿ ಕೊಡಬೇಕು. ಟೂರ್ನಮೆಂಟ್ ಅಂದರೆ ಯಾವುದೋ ಕಲ್ಯಾಣ ಮಂಟಪದಲ್ಲಿ ನಡೆಯುವ 'ಇಂಟರ್‌ನ್ಯಾಷನಲ್ ಚಾಂಪಿಯನ್‌ಶಿಪ್'. ನೇಪಾಳದಿಂದ ಇಬ್ಬರು ಹುಡುಗರು ಬಂದಿದ್ದರೆ ಅದು ಇಂಟರ್‌ನ್ಯಾಷನಲ್. ಒಂದೊಂದು ಗುಂಪಿನಲ್ಲಿ ನಾಲ್ಕೇ ಮಕ್ಕಳು, ನಾಲ್ವರಿಗೂ ಮೆಡಲು. ನನ್ನ ಹತ್ರವೂ ಅಂಥ ಎರಡು ಮೆಡಲಿವೆ. ಅಮ್ಮ ಅವನ್ನು ಇವತ್ತಿಗೂ ಶೋಕೇಸಿನಲ್ಲಿಟ್ಟಿದ್ದಾರೆ.

2013ರ ಕೊನೆಗೆ ಮಾಸ್ಟರಿಗೂ ಚೀಫ್‌ಗೂ ಫೋನಿನಲ್ಲಿ ದೊಡ್ಡ ಜಗಳವಾಯಿತು. ನಾವು ಹಾಲಿನಲ್ಲಿ ಕುದುರೆ ಭಂಗಿಯಲ್ಲಿ ನಿಂತಿದ್ದೆವು. ಮಾಸ್ಟರ್ ಹೊರಗೆ ನಲ್ಲಿ ಹತ್ತಿರ ನಿಂತು ಮಾತಾಡುತ್ತಿದ್ದರು. ಹತ್ತು ನಿಮಿಷವಾದರೂ ಒಳಗೆ ಬರಲಿಲ್ಲ. ಎದ್ದು ನಿಲ್ಲಿ ಅಂತ ಯಾರೂ ಹೇಳದ್ದಕ್ಕೆ ನಾವು ತೊಡೆ ನಡುಗುತ್ತಿದ್ದರೂ ಹಾಗೇ ಇದ್ದೆವು. ಒಳಗೆ ಬಂದವರು, "ಸೋಮವಾರ ಎಲ್ರೂ ಬ್ಯಾಡ್ಜ್ ಬಿಚ್ಚಿಕೊಂಡು ಬನ್ನಿ" ಅಂದರು.

ಭಾನುವಾರ ನಾನು ಬ್ಲೇಡು ತಗೊಂಡು ಎದೆಯ ಮೇಲಿನ ಬ್ಯಾಡ್ಜಿನ ಹೊಲಿಗೆ ಒಂದೊಂದೇ ಬಿಡಿಸಿದೆ. ಬಿಚ್ಚಿದ ಜಾಗದಲ್ಲಿ ದುಂಡಗೆ ಒಂದು ಗುರುತು ಉಳಿಯಿತು. ಸುತ್ತಲಿನ ಬಟ್ಟೆ ವರ್ಷಗಟ್ಟಲೆ ಬೆವರು ಕುಡಿದು ಹಳದಿಗಟ್ಟಿತ್ತು, ಬ್ಯಾಡ್ಜಿನ ಅಡಿ ಮಾತ್ರ ಅಚ್ಚ ಬಿಳಿ. ಸೋಮವಾರ ಮೂವತ್ತು ಜನ ಎದೆಯ ಮೇಲೆ ಅದೇ ಬಿಳಿ ದುಂಡು ಇಟ್ಟುಕೊಂಡು ಸಾಲಾಗಿ ನಿಂತಿದ್ದೆವು.

ಹೊಸ ಸಂಸ್ಥೆ ಮೂರು ತಿಂಗಳಲ್ಲಿ ಸಿಕ್ಕಿತು. ಹಳೆ ಡಾನನ್ನು ಅವರು ಒಪ್ಪುತ್ತಾರೆ, ಆದರೆ ಅವರ ಹೆಸರಿನಲ್ಲಿ ಮಾಡಿಸಿಕೊಳ್ಳಬೇಕು. ಅದಕ್ಕೆ ಕನ್ವರ್ಷನ್ ಫೀಸು. ಪರೀಕ್ಷೆ ಇಲ್ಲ. ಎರಡು ಫೋಟೋ, ಹಳೆ ಸರ್ಟಿಫಿಕೇಟಿನ ಜೆರಾಕ್ಸ್, ನಾಲ್ಕು ಸಾವಿರ. ಹೀಗೆ ಬಂದಿದ್ದು ನನ್ನ ಎರಡನೇ ಫಸ್ಟ್ ಡಾನ್. ಕೊರಿಯರ್ ಹುಡುಗ ಗೇಟಿನ ಸಂದಿಯಲ್ಲಿ ಸಿಕ್ಕಿಸಿ ಹೋಗಿದ್ದ.

ಇನ್ನೊಂದು ವಿಷಯ ಹೇಳಲೋ ಬೇಡವೋ ಅಂತ ಯೋಚಿಸಿದೆ. ಹೇಳಿಬಿಡುತ್ತೇನೆ. ಹಳೆ ಸಂಸ್ಥೆಯಲ್ಲಿ ಮಾಸ್ಟರ್ ಥರ್ಡ್ ಡಾನ್ ಆಗಿದ್ದರು. ಹೊಸ ಸಂಸ್ಥೆಗೆ ಹೋದ ತಿಂಗಳೇ ಫಿಫ್ತ್ ಡಾನ್ ಆದರು. ನಾಲ್ಕು ಕ್ಲಾಸು, ನೂರಿಪ್ಪತ್ತು ಮಕ್ಕಳನ್ನು ಜೊತೆಗೆ ಕರೆದುಕೊಂಡು ಬಂದವರಿಗೆ ಅದು ಮರ್ಯಾದೆ ಅಂತೆ. ಪಾಂಪ್ಲೆಟ್ಟಿನಲ್ಲಿ ಅದನ್ನು ನೋಡಿದಾಗ ನನಗೆ ಹೊಟ್ಟೆಯೊಳಗೆ ಏನೋ ತಿರುಚಿದ ಹಾಗಾಯಿತು. ಆದರೆ ಕೇಳಲಿಲ್ಲ. ಮಾಸ್ಟರನ್ನು ಅಂಥದ್ದೆಲ್ಲ ಕೇಳುವ ಅಭ್ಯಾಸ ನಮಗಿರಲಿಲ್ಲ. ಮತ್ತೆ, ಪರೀಕ್ಷೆ ಇಲ್ಲದೆ ಬಂದ ಸರ್ಟಿಫಿಕೇಟು ನನ್ನ ಕೈಯಲ್ಲೂ ಇತ್ತಲ್ಲ.

ಆಗ ನಾನು ಇದು ನಮ್ಮೂರಿನ ಕಾಯಿಲೆ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಂತೆ ಗೊತ್ತಾಯಿತು, ಬೇರಿನಲ್ಲೇ ಇದೆ ಅಂತ. ಡಾನ್ ಅನ್ನುವುದು ಕರಾಟೆಯ ಸ್ವಂತ ಪದ್ಧತಿಯೇ ಅಲ್ಲ. 1882ರಲ್ಲಿ ಕೊಡೊಕಾನ್ ಅನ್ನುವ ಶಾಲೆ ಶುರುಮಾಡಿದ ಜೂಡೋದ ಜಿಗೊರೊ ಕಾನೊ ಅದನ್ನು ತಮ್ಮ ಶಿಷ್ಯರಿಗೆ ಇಟ್ಟರು. ಒಕಿನಾವಾದಿಂದ 1922ರಲ್ಲಿ ಟೋಕಿಯೊಗೆ ಬಂದ ಗಿಚಿನ್ ಫುನಾಕೊಶಿ, ನಮ್ಮ ಶೋಟೊಕಾನ್ ಶೈಲಿಯ ಮೂಲಗುರು, ಕಾನೊ ಅವರನ್ನು ನೋಡಿ ಅದನ್ನು ಅಳವಡಿಸಿಕೊಂಡು, 1924ರಲ್ಲಿ ಏಳು ಜನಕ್ಕೆ ಫಸ್ಟ್ ಡಾನ್ ಕೊಟ್ಟರು. ಕೊಟ್ಟವರಿಗೆ ಅದನ್ನು ಕೊಟ್ಟವರು ಯಾರೂ ಇರಲಿಲ್ಲ. ನಮ್ಮ ಆಫೀಸುಗಳಿಗೆ ಅವರು ಅರ್ಜಿ ಹಾಕಿದ್ದರೆ ವಾಪಸ್ಸು ಬರುತ್ತಿತ್ತು. 1957ರಲ್ಲಿ ಫುನಾಕೊಶಿ ತೀರಿಕೊಂಡಾಗ ಅಂತ್ಯಕ್ರಿಯೆ ಯಾರು ನಡೆಸಬೇಕು ಅನ್ನುವುದರಲ್ಲೇ ಶಿಷ್ಯರು ಎರಡಾದರು. ಜಪಾನ್ ಕರಾಟೆ ಅಸೋಸಿಯೇಷನ್ ಅನ್ನುವ ದೊಡ್ಡ ಸಂಸ್ಥೆ ಕೂಡ ಅದರ ಮುಖ್ಯ ಗುರು ನಕಾಯಾಮಾ 1987ರಲ್ಲಿ ಹೋದ ಮೇಲೆ ಒಡೆಯಿತು. ಎರಡು ಬಣವೂ ಅದೇ ಹೆಸರು ನಮ್ಮದು ಅಂತ ಕೋರ್ಟಿಗೆ ಹೋಗಿ, ಜಪಾನಿನ ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪು ಕೊಡುವವರೆಗೂ ಹೊಡೆದಾಡಿದವು. ಇದನ್ನು ಓದಿದ ದಿನ ನನಗೆ ಒಂಥರಾ ಸಮಾಧಾನವೇ ಆಯಿತು. ನಮ್ಮ ಮಾಸ್ಟರ್ ಮತ್ತು ಚೀಫ್ ಫೋನಿನಲ್ಲೇ ಮುಗಿಸಿಕೊಂಡಿದ್ದರು.

ಮೂರನೇ ಸರ್ಟಿಫಿಕೇಟಿನ ಕಥೆ ಶುರುವಾಗಿದ್ದು ಒಂದು ಸರ್ಕಾರಿ ಕಚೇರಿಯಲ್ಲಿ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಕೊಡಿಸುತ್ತಾರೆ. ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ. ನಮ್ಮ ಕಡೆಯ ಎರಡು ಶಾಲೆಗೆ ತರಬೇತುದಾರರು ಬೇಕು ಅಂತ ಗೊತ್ತಾಗಿ ನಾನು ಅರ್ಜಿ ಕೊಟ್ಟೆ. ಅಷ್ಟರಲ್ಲಿ ನಾನೇ ಒಂದು ಚಿಕ್ಕ ಕ್ಲಾಸು ನಡೆಸುತ್ತಿದ್ದೆ, ಇಪ್ಪತ್ತೆರಡು ಮಕ್ಕಳು.

ಮೇಜಿನ ಆಚೆ ಇದ್ದವರು ನನ್ನ ಎರಡೂ ಸರ್ಟಿಫಿಕೇಟನ್ನು ತಿರುಗಿಸಿ ನೋಡಿದರು. "ಮೇಡಂ, ಇದು ಮಾನ್ಯತೆ ಇರೋ ಸಂಸ್ಥೇದಾ?"

"ಯಾರ ಮಾನ್ಯತೆ ಸರ್?"

ಅವರಿಗೆ ಸಿಟ್ಟು ಬರಲಿಲ್ಲ. ಡ್ರಾಯರ್ ಎಳೆದು ಒಂದು ಕಟ್ಟು ತೆಗೆದರು. "ಹನ್ನೊಂದು ಅರ್ಜಿ ಬಂದಿವೆ. ಒಂಬತ್ತು ಸಂಸ್ಥೆ. ಎಲ್ಲಾದ್ರಲ್ಲೂ ಆಲ್ ಇಂಡಿಯಾ, ಇಲ್ಲಾ ವರ್ಲ್ಡ್, ಇಲ್ಲಾ ಇಂಟರ್‌ನ್ಯಾಷನಲ್. ಎಲ್ಲಾದ್ರಲ್ಲೂ ಹುಲಿ ಚಿತ್ರ. ನಂಗೆ ಹೇಗೆ ಗೊತ್ತಾಗ್ಬೇಕು ನೀವೇ ಹೇಳಿ?"

ನನ್ನ ಹತ್ರ ಉತ್ತರ ಇರಲಿಲ್ಲ. ನಿಜ ಹೇಳಬೇಕಂದರೆ ಆ ದಿನಗಳಲ್ಲಿ ಯಾರ ಹತ್ರವೂ ಇರಲಿಲ್ಲ. ದೇಶದ ಅಧಿಕೃತ ಕರಾಟೆ ಸಂಸ್ಥೆ ಅನ್ನಿಸಿಕೊಂಡಿದ್ದದ್ದರ ಮಾನ್ಯತೆಯನ್ನೇ 2020ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ತೆಗೆದುಹಾಕಿತು. ಅದೇ ವರ್ಷ ವಿಶ್ವ ಕರಾಟೆ ಫೆಡರೇಷನ್ನೂ ಕೈಬಿಟ್ಟಿತು. ಕರಾಟೆ ಮೊದಲ ಸಲ ಒಲಿಂಪಿಕ್ಸಿಗೆ ಹೋಗುವ ಹೊತ್ತಿನಲ್ಲಿ ನಮ್ಮಲ್ಲಿ ಮನೆಯ ಯಜಮಾನ ಯಾರು ಅನ್ನುವ ಜಗಳ. 2021ರಲ್ಲಿ ಆ ಟೋಕಿಯೊ ಆಟಗಳನ್ನು ಟಿವಿಯಲ್ಲಿ ನೋಡಿದೆ. ಕಣಕ್ಕಿಳಿದವರೆಲ್ಲ ಕಟ್ಟಿಕೊಂಡಿದ್ದು ಕೆಂಪು ಬೆಲ್ಟು, ಇಲ್ಲ ನೀಲಿ ಬೆಲ್ಟು. ಯಾವ ಕಡೆಯವರು ಅಂತ ಗುರುತಿಸೋಕೆ ಅಷ್ಟೇ. ಎಷ್ಟನೇ ಡಾನ್ ಅಂತ ಅಲ್ಲಿ ಬೆಲ್ಟು ಹೇಳಲ್ಲ. ನನಗಂತೂ ನಗು ಬಂತು.

ಕೊನೆಗೆ 2022ರಲ್ಲಿ ಬೆಂಗಳೂರಿನ ಒಂದು ಗುಂಪನ್ನು ಸಂಪರ್ಕಿಸಿದೆ. ಅವರಿಗೆ ಮೇಲಿನವರೆಗೂ ಸರಿಯಾದ ಕೊಂಡಿ ಇತ್ತು, ಕಾಗದ ಇತ್ತು. ಆದರೆ ಅವರದ್ದೊಂದು ಕಡ್ಡಾಯ. ಹೊರಗಿನ ಡಾನ್ ಯಾವುದನ್ನೂ ಒಪ್ಪಲ್ಲ, ಕನ್ವರ್ಷನ್ ಇಲ್ಲ. ಬ್ರೌನ್ ಬೆಲ್ಟ್ ಅಂತ ನೋಂದಾಯಿಸಿಕೊಂಡು ಫಸ್ಟ್ ಡಾನ್ ಪರೀಕ್ಷೆ ಕೊಡಬೇಕು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ, ಗೇಟಿಗೆ ಸಿಕ್ಕಿಸಿ ಹೋಗಿದ್ದ ಆ ಕವರ್ ನೆನಪಾಗಿ ಸಿಟ್ಟು ಇಳಿಯಿತು. ಇವರಾದರೂ ನೋಡದೆ ಕೊಡಲ್ಲ ಅಂತಿದ್ದಾರಲ್ಲ.

ಫಾರಂ ತುಂಬಿಸುತ್ತಾ ಬಂದೆ. ಹೆಸರು, ವಯಸ್ಸು, ರಕ್ತದ ಗುಂಪು, ಸ್ಟೈಲು. ಕೆಳಗೆ ಒಂದು ಸಾಲು: ತರಬೇತುದಾರರ ಹೆಸರು, ನೋಂದಣಿ ಸಂಖ್ಯೆ. ಪೆನ್ನು ಅಲ್ಲೇ ನಿಂತಿತು. ಮಾಸ್ಟರಿಗೆ ಅವರಲ್ಲಿ ನೋಂದಣಿ ಇಲ್ಲ. ಫೋನ್ ಮಾಡಿ ಕೇಳಿದೆ. "ನಂಬರ್ ಇಲ್ದಿದ್ರೆ ಸಿಸ್ಟಂ ತಗೊಳಲ್ಲ ಮೇಡಂ. ಇಲ್ಲಿರೋ ಸೀನಿಯರ್ ಒಬ್ಬರ ಹೆಸರು ಹಾಕ್ತೀವಿ. ಆರು ಭಾನುವಾರ ಬಂದು ಅವರ ಹತ್ರ ಪ್ರ್ಯಾಕ್ಟೀಸ್ ಮಾಡಿ."

ಇದನ್ನು ಮಾಸ್ಟರಿಗೆ ಹೇಳದೆ ಮಾಡೋಕಾಗಲ್ಲ ಅನ್ನಿಸಿತು. ಮನೆಗೆ ಹೋದೆ. ರಿಟೈರ್ ಆಗಿದ್ದರು. ಮಂಡಿ ನೋವು, ಕ್ಲಾಸು ಒಂದಕ್ಕೇ ಇಳಿದಿತ್ತು. ಕಾಫಿ ಬಂತು. ಅದು ಆರುವವರೆಗೂ ನಾನು ಬೇರೇನೋ ಮಾತಾಡಿದೆ. ಕೊನೆಗೆ ಹೇಳಿದೆ.

"ಒಳ್ಳೇದಾಯ್ತು, ಕೊಡಮ್ಮ" ಅಂದರು. "ಯಾರ ಹೆಸರು ಹಾಕ್ತಾರಂತೆ?"

ಹೇಳಿದೆ.

"ಗೊತ್ತು ಆ ಹುಡುಗ. ಒಳ್ಳೆ ಹುಡುಗ." ಲೋಟ ಎತ್ತಿಕೊಂಡು ಒಳಗೆ ಹೋದರು. ಎರಡೂ ಲೋಟ ತೊಳೆದು ಬೋರಲು ಹಾಕುವ ಸದ್ದು ಕೇಳಿಸಿತು. ಅವರ ಮನೆಯಲ್ಲಿ ಅವರು ಲೋಟ ತೊಳೆದಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆರು ಭಾನುವಾರ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋದೆ. 2023ರ ಮಾರ್ಚಿನಲ್ಲಿ ಪರೀಕ್ಷೆ. ಗೇಟಿನ ಹತ್ರ ಒಬ್ಬರು ತಾಯಿ, "ನಿಮ್ಮ ಮಗು ಯಾವ ಬೆಲ್ಟು?" ಅಂದರು. "ನಾನೇ ಬಂದಿರೋದು" ಅಂದೆ. ಪಾಪ, ಅವರಿಗೇ ಮುಜುಗರವಾಯಿತು. ಬ್ರೌನ್ ಬೆಲ್ಟೇ ಕಟ್ಟಿಕೊಂಡು ಬರಬೇಕು ಅಂತ ನಿಯಮವಿದ್ದದ್ದಕ್ಕೆ ಹೊಸದೊಂದು ಕೊಂಡಿದ್ದೆ. ನನ್ನ ಹಳೆ ಕಪ್ಪು ಬೆಲ್ಟು ಅಂಚು ಸವೆದು ಒಳಗಿನ ಬಿಳಿ ದಾರ ಕಾಣುವಷ್ಟು ಮೆತ್ತಗಾಗಿತ್ತು. ಇದು ಹೊಸ ಗಂಜಿ ಬಟ್ಟೆ ಥರ ಸೆಟೆದುಕೊಂಡಿತ್ತು. ಗಂಟು ಹಾಕಿದರೆ ಎರಡು ತುದಿಯೂ ಕತ್ತೆ ಕಿವಿಯ ಹಾಗೆ ಆ ಕಡೆ ಈ ಕಡೆ ನಿಂತವು. ಬೆನ್ನಿಗೆ 27 ಅಂತ ಚೀಟಿ. ಎಡಕ್ಕೆ ಹದಿನಾಲ್ಕರ ಹುಡುಗ, ಬಲಕ್ಕೆ ಹದಿನೈದರ ಹುಡುಗಿ.

ನನ್ನ ಕಟಾ ಬಸ್ಸಾಯ್ ದಾಯ್. ಕೋಟೆಯನ್ನು ಭೇದಿಸುವುದು ಅಂತ ಅದಕ್ಕೆ ಅರ್ಥ ಹೇಳುತ್ತಾರೆ. ನಲವತ್ತೆರಡು ಎಣಿಕೆ. ನಾನದನ್ನು ಸಾವಿರಾರು ಸಲ ಮಾಡಿದ್ದೇನೆ, ನಿದ್ದೆಯಲ್ಲಿ ಎಬ್ಬಿಸಿದರೂ ಮಾಡುತ್ತೇನೆ. ಕೊನೆಯ ಹೊತ್ತಿಗೆ ಅದರಲ್ಲಿ ಯಾಮಾ ಜುಕಿ ಬರುತ್ತದೆ. ಎರಡೂ ಮುಷ್ಟಿಯಿಂದ ಒಟ್ಟಿಗೆ ಹೊಡೆಯುವುದು, ಒಂದು ಮೇಲೆ ಮುಖಕ್ಕೆ, ಇನ್ನೊಂದು ಕೆಳಗೆ ಹೊಟ್ಟೆಗೆ. ಕಟಾ ಮುಗಿಸಿ ಬಗ್ಗಿದೆ. ನಡುವೆ ಕೂತಿದ್ದ ಹಿರಿಯ ಪರೀಕ್ಷಕರು, "ಯಾಮಾ ಜುಕಿ ಒಂದೇ ತೋರ್ಸಿ" ಅಂದರು. ತೋರಿಸಿದೆ. ಎದ್ದು ಬಂದು ನನ್ನ ಪಕ್ಕ ನಿಂತರು. "ಹಾಗೇ ಇರಿ. ಈಗ ಕೆಳಗಿನ ಕೈ ನೋಡ್ಕೊಳಿ."

ನೋಡಿಕೊಂಡೆ. ಮೇಲಿನ ಮುಷ್ಟಿ ಮುಂದಿತ್ತು. ಕೆಳಗಿನದ್ದು ನಾಲ್ಕು ಬೆರಳು ಹಿಂದಿತ್ತು. ಎರಡೂ ಒಂದೇ ಗೆರೆಯಲ್ಲಿರಬೇಕು, ಗಾರೆಯವರು ಗೋಡೆ ನೇರ ನೋಡೋಕೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಡ್ತಾರಲ್ಲ, ಹಾಗೆ. ಮೇಲಿನ ಕೈಗೆ ಭುಜ ಕೊಟ್ಟು ಕೆಳಗಿನದ್ದನ್ನು ನಾನು ಮರೆತಿದ್ದೆ. ಇಪ್ಪತ್ತು ವರ್ಷದಿಂದ ಮರೆತಿದ್ದೆ.

ಫಲಿತಾಂಶದ ಹಾಳೆಯಲ್ಲಿ ಕಿಹೊನ್ ಪಾಸು, ಕುಮಿಟೆ ಪಾಸು, ಕಟಾ ಮೂರು ತಿಂಗಳ ನಂತರ ಮತ್ತೊಮ್ಮೆ. ಪಕ್ಕದ ಹುಡುಗ ಪಾಸಾಗಿದ್ದ. ರೈಲಿನಲ್ಲಿ ವಾಪಸ್ಸು ಬರುವಾಗ ಅವಮಾನ ಆಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಚನ್ನಪಟ್ಟಣ ದಾಟುವಷ್ಟರಲ್ಲಿ ಸೀಟಿನಲ್ಲಿ ಕೂತೇ ಎರಡೂ ಮುಷ್ಟಿ ಮುಂದೆ ಚಾಚಿ ನೋಡುತ್ತಿದ್ದೆ. ಎದುರಿಗಿದ್ದ ಅಜ್ಜಿ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಕ್ಲಾಸು ನಡೆಸುವ ಹಾಲಿನ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು, ಒಂದು ದಾರ ಇಳಿಬಿಟ್ಟು, ತುದಿಗೆ ದಪ್ಪ ನಟ್ಟು ಕಟ್ಟಿದೆ. ದಿನಾ ಬೆಳಿಗ್ಗೆ ನೂರು ಯಾಮಾ ಜುಕಿ. ಎರಡೂ ಮುಷ್ಟಿ ದಾರಕ್ಕೆ ತಾಗಿಯೂ ತಾಗದಂತೆ ನಿಲ್ಲಬೇಕು. ಮಕ್ಕಳಿಗೆ ಅದು ಆಟವಾಯಿತು. ಜೂನಿನಲ್ಲಿ ಹೋಗಿ ಕಟಾ ಮಾಡಿ ಬಂದೆ. ಈ ಸಲ ಯಾರೂ ಎದ್ದು ಬರಲಿಲ್ಲ.

ಶಾಲೆಯ ಕೆಲಸ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಮುಂದಿನ ವರ್ಷ ಒಂದು ಶಾಲೆ ಸಿಕ್ಕಿತು. ನನ್ನ ಕ್ಲಾಸಿನ ಮಕ್ಕಳ ಬೆಲ್ಟ್ ಪರೀಕ್ಷೆಗಳೂ ಈಗ ಈ ಸಂಸ್ಥೆಯ ಹೆಸರಿನಲ್ಲೇ ನಡೆಯುತ್ತವೆ. ಫೀಸು ನಾನೇ ವಸೂಲಿ ಮಾಡುತ್ತೇನೆ. ಒಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ಮೇಲಕ್ಕೆ ಕಳಿಸುತ್ತೇನೆ. ಹೊಸದಾಗಿ ಸೇರಿಸಲು ಬಂದ ಅಪ್ಪಂದಿರು, "ಸರ್ಟಿಫಿಕೇಟು ಎಲ್ಲಾ ಕಡೆ ನಡೆಯುತ್ತಾ?" ಅಂತ ಕೇಳಿದರೆ, "ಈಗ ನಡೆಯುತ್ತೆ" ಅಂತೀನಿ.

ಸರ್ಟಿಫಿಕೇಟು ಬಂದ ವಾರ ಮಾಸ್ಟರ್ ನೋಡೋಕೆ ಅಂತ ಕ್ಲಾಸಿಗೆ ಬಂದರು. ಸರ್ಟಿಫಿಕೇಟಿನ ಜೊತೆಗೆ ಒಂದು ಪುಟ್ಟ ಪುಸ್ತಕವೂ ಬಂದಿತ್ತು, ಪಾಸ್‌ಪೋರ್ಟ್ ಥರದ್ದು. ಅದರಲ್ಲಿ ಫೋಟೋ, ಡಾನ್, ದಿನಾಂಕ, ತರಬೇತುದಾರರ ಹೆಸರು. ಮಾಸ್ಟರ್ ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಕೊನೆಯ ಸಾಲಿನ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ನಿನ್ನ ಹೆಸರಲ್ಲಿ ಒಂದು ಎಚ್ ಜಾಸ್ತಿ ಹಾಕಿದಾರೆ" ಅಂದರು.

"ಹೌದು ಮಾಸ್ಟರ್."

"ಬಿಡು, ತಿದ್ದಿಸೋಕೆ ಹೋದ್ರೆ ಅದಕ್ಕೂ ಫೀಸ್ ಕೇಳ್ತಾರೆ."

ಪುಸ್ತಕ ವಾಪಸ್ಸು ಕೊಟ್ಟು ಹೊರಡುವಾಗ ಬಾಗಿಲಲ್ಲಿ ದಾರ ಮುಖಕ್ಕೆ ತಾಗಿತು. "ಏನಮ್ಮ ಇದು?" ಅಂದರು. ಹೇಳಿದೆ. ಏನೂ ಮಾತಾಡದೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಮಂಡಿಯ ಮೇಲೆ ಕೈಯಿಟ್ಟು ನಿಧಾನಕ್ಕೆ ಕಾಲು ಹಿಂದಿಟ್ಟು, ದಾರದ ಎದುರು ಎರಡೂ ಮುಷ್ಟಿ ಚಾಚಿದರು. ಮೇಲಿನದ್ದು ದಾರಕ್ಕೆ ತಾಗಿತು. ಕೆಳಗಿನದ್ದು ನಾಲ್ಕು ಬೆರಳು ಹಿಂದೆ ನಿಂತಿತು.

"ನಾನು ನಿಂಗೆ ಹೀಗೇ ಹೇಳ್ಕೊಟ್ಟಿದ್ದು, ಅಲ್ವಾ?"

"ಹೂಂ ಮಾಸ್ಟರ್."

"ಆ ಫ್ಯಾನ್ ಆಫ್ ಮಾಡು. ದಾರ ಅಲ್ಲಾಡ್ತಿದೆ" ಅಂದರು, ಮುಷ್ಟಿ ಇಳಿಸದೆ.